ಅಮ್ಮ ಬಚ್ಚಿಟ್ಟ ನನ್ನ ಅಳು

ಶಾಲೆಯವರು ತಮ್ಮ ಆನ್‌ಲೈನ್ ಪುಟಕ್ಕೆ ಹಾಕಿದ ವಿಡಿಯೊದಲ್ಲಿ ನನ್ನ ಮಗಳು ಭಾಷಣ ಮರೆತು, ವೇದಿಕೆಯ ಮೇಲೆ ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ನೋಡುತ್ತಿದ್ದಂತೆ ಅಣ್ಣಾ ನಗರದ ನನ್ನ ಹಳೆಯ ಶಾಲೆ ಕಣ್ಣ ಮುಂದೆ ಬಂತು.

ಅಲ್ಲಿ ಪದ್ಯ ಹೇಳಲು ನಿಂತ ನಾನು ಹೆದರಿಕೊಂಡು ಲಂಗ ಒದ್ದೆ ಮಾಡಿಕೊಂಡಿದ್ದೆ. ಯಾರಾದರೂ ಗಮನಿಸುವ ಮೊದಲೇ ತಮಿಳು ಟೀಚರ್ ಓಡಿಬಂದು ಪರದೆ ಎಳೆದರು. "ಅಳಾದೇಮ್ಮಾ", ಅಳಬೇಡಮ್ಮಾ ಎನ್ನುತ್ತ, ಗಂಜಿ ಹಾಕಿದ ಸೀರೆಯ ಸೆರಗಿನಲ್ಲಿ ನನ್ನನ್ನು ಮರೆಮಾಡಿ ಹಿಂಬಾಗಿಲಿನಿಂದ ಮನೆಗೆ ಕರೆತಂದರು. ಅಮ್ಮ ನನಗೆ ಸ್ನಾನ ಮಾಡಿಸಿ, ಲಂಗ ಒಗೆದು ತಾರಸಿಯಲ್ಲಿ ಒಣಹಾಕಿದಳು.

"ಅಪ್ಪಂಗೆ ಹೇಳ್ಬೇಡಮ್ಮಾ."

"ಏನನ್ನೇ ಹೇಳೋದು? ಏನೂ ಆಗೇ ಇಲ್ವಲ್ಲ!"

ಸಾಯುವವರೆಗೂ ಅಮ್ಮ ಆ ಮಾತೆತ್ತಲಿಲ್ಲ. ಮರುದಿನ ನಾನು ಎಂದಿನಂತೆ ಕುಣಿಯುತ್ತ ಶಾಲೆಗೆ ಹೋಗಿದ್ದೆ.

ನಾನು ಕೇಳಿಕೊಂಡ ಮೇಲೆ ಮಗಳ ಶಾಲೆಯವರು ವಿಡಿಯೊ ತೆಗೆದರು. ಅಷ್ಟರಲ್ಲಿ ಸಹಪಾಠಿಗಳು ಅವಳ ಅಳುಮುಖವನ್ನು ಸ್ಟಿಕರ್ ಮಾಡಿ ಎಲ್ಲರಿಗೂ ಕಳಿಸಿಯಾಗಿತ್ತು. ಈಗ ಅವಳು ಶಾಲೆಗೆ ಹೋಗುವುದಿಲ್ಲ ಎನ್ನುತ್ತಾಳೆ. ಊರಿನ ಇನ್ನೊಂದು ಬದಿಯ ಪೋರೂರಿನಲ್ಲಿ ಬೇರೆ ಶಾಲೆ ನೋಡೋಣ ಎಂದೆ.

"ಅಲ್ಲಿರೋರೂ ನೋಡಿರ್ತಾರಲ್ವಾ ಅಮ್ಮಾ?"