ಬೆಳ್ಳ ಗೌಡರ ಕೊನೆಯ ಪಾಪ

ಕಳೆದ ವಾರ ಪುಣ್ಯಾತ್ಮರೊಬ್ಬರ ಸಾವಿಗೆ ಹೋಗಿದ್ದೆ. ಹೊಗಳಿ ಬರೋಣ ಎಂದು ಹೋದವನು, ಊರೆಲ್ಲ ಸೇರಿ ಅವರ ಪಾಪಗಳನ್ನು ಕೂಗಿ ಹೇಳುವುದನ್ನು ಕೇಳಿ ಬಂದೆ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. (ನನಗೆ ಆ ಚಟ ಇದೆ ಎಂದು ನಮ್ಮ ಮನೆಯವಳೇ ಹೇಳುತ್ತಾಳೆ. ಈ ಸಲ ಅವಳೂ ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.)

ಊಟಿಯ ಆಚೆ, ಇತ್ತಲಾರ್ ಕಡೆ, ಗುಡ್ಡದ ಜನ ಬಡಗರ ಒಂದು ಹಟ್ಟಿ ಇದೆ. ಹಟ್ಟಿಗೂ ಮೋಟಾರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿದರೆ ದಾಟಬಹುದು. ಆಷಾಢದಲ್ಲಿ ಅದರ ಅವತಾರವೇ ಬೇರೆ. ಸ್ಕೂಲಿಗೆ ಹೋಗುವ ಮಕ್ಕಳು, ಆಲೂಗೆಡ್ಡೆ ಮೂಟೆ ಹೊತ್ತವರು, ಹೆರಿಗೆ ನೋವು ಬಂದ ಹೆಂಗಸರು, ಎಲ್ಲರಿಗೂ ಅದೊಂದೇ ದಾರಿ. ಸೇತುವೆ ಎಂದರೆ ಎರಡು ದಿಮ್ಮಿ, ಮೇಲೆ ಅಡ್ಡ ಹಲಗೆ, ಅಷ್ಟೆ. ಮಳೆಗಾಲ ಬಂತೆಂದರೆ ನೀರು ಅದನ್ನು ಅಲ್ಲಾಡಿಸದೆ ಬಿಡುವುದಿಲ್ಲ.

ಸರ್ಕಾರಕ್ಕೆ ಅರ್ಜಿ ಹಾಕಲಿಲ್ಲವೇ? ಹಾಕಿದರು. ಒಬ್ಬ ಓವರ್‌ಸಿಯರ್ ಬಂದು, ಟೇಪು ಹಿಡಿದು ಹಳ್ಳವನ್ನು ಅಳೆದು, ಕಾಫಿ ಕುಡಿದು ಹೋದ. ಹಳ್ಳದ ಅಳತೆ ಇವತ್ತಿಗೂ ಸರ್ಕಾರದ ಬಳಿ ಭದ್ರವಾಗಿದೆ.

ಸೇತುವೆಯನ್ನು ನೋಡಿಕೊಂಡವರು ಬೆಳ್ಳ ಗೌಡರು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಮಳೆ ಜೋರಾದರೆ ಹೆಗಲಿಗೆ ಹಾರೆ ಹಾಕಿ ಹೊರಟುಬಿಡುತ್ತಿದ್ದರು. ಪ್ರಾಯದಲ್ಲೂ ಅವರೇ, ತಲೆ ನೆರೆತ ಮೇಲೂ ಅವರೇ. ನಾನು ಆ ಕಡೆಯ ಗೆಡ್ಡೆ ಕೊಂಡು ಊಟಿಯ ಪೇಟೆಯಲ್ಲಿ ಮಾರುವವನು. ಹೋದಾಗಲೆಲ್ಲ ಹಟ್ಟಿಯವರ ಬಾಯಲ್ಲಿ ಒಂದೇ ಮಾತು: ಸೇತುವೆಗೇನು, ಗೌಡ ಇದ್ದಾನಲ್ಲ.

ಈ ಮಳೆಗಾಲದಲ್ಲಿ ಒಂದು ದಿಮ್ಮಿಯ ತುದಿ ಜಾರಿತು. ಗೌಡರು ಸೊಂಟದವರೆಗಿನ ನೀರಿಗೆ ಇಳಿದು, ಒಬ್ಬರೇ ಅದನ್ನು ಎತ್ತಲು ಹೆಣಗಿದರಂತೆ. ಮನೆಗೆ ಬಂದವರಿಗೆ ಜ್ವರ. ಎದೆ ಕಟ್ಟಿತು. ಮತ್ತೆ ಏಳಲಿಲ್ಲ.

ನಮ್ಮ ಪೇಟೆಯ ವರ್ತಕರದು ಒಂದು ಸಂಜೆ ಕೂಟ ಇದೆ. ಗೌಡರನ್ನು ಊಟಿಗೆ ಕರೆಸಿ ಸನ್ಮಾನ ಮಾಡಬೇಕೆಂದು ಅಲ್ಲಿ ಎಂದೋ ತೀರ್ಮಾನವಾಗಿತ್ತು. ಶಾಲೂ ಬಂದಿತ್ತು. ಗವರ್ನರ್ ಸವಾರಿ ಇದೆ, ಆಮೇಲೆ ಮಾಡೋಣ ಎಂದರು. ಅಂಗಡಿ ವ್ಯಾಪಾರ ಇದೆ, ಆಮೇಲೆ ಮಾಡೋಣ ಎಂದರು. ಅಷ್ಟರಲ್ಲಿ ಗೌಡರೇ ಹೊರಟುಹೋದರು. ಇನ್ನೇನು ಮಾಡುವುದು? ಶಾಲನ್ನು ಮಗ ಜೋಗಿಗೆ ಹೊದಿಸಿ, ನಾಲ್ಕು ಮಾತಾಡಿ ಬಾ ಎಂದು ನನ್ನನ್ನು ಅಟ್ಟಿದರು.

ಭಾಷಣವನ್ನು ನಾನೇ ಬರೆದೆ. 'ಊರಿಗೊಬ್ಬ ಬೆಳ್ಳ ಗೌಡರಿದ್ದರೆ ಸಾಕು, ಸರ್ಕಾರವೇ ಬೇಡ' ಎಂಬ ಸಾಲು ಬಸ್ಸಿನಲ್ಲಿ ಹೊಳೆದು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಂದೆಯ ಹಾರೆಯನ್ನು ಎಲ್ಲರೆದುರು ಮಗನ ಕೈಗೆ ಕೊಟ್ಟು, 'ಇನ್ನು ಈ ಸೇತುವೆ ನಿನ್ನದು' ಎಂದು ಮುಗಿಸುವುದು ನನ್ನ ಪ್ಲಾನು.

ಹಟ್ಟಿ ತಲುಪಿದರೆ, ಜನ ಆ ಕೆಲಸವನ್ನು ಆಗಲೇ ಮುಗಿಸುತ್ತಿದ್ದರು. ಬಂದವರೆಲ್ಲ ಜೋಗಿಯ ಭುಜ ತಟ್ಟಿ, ಇನ್ನು ಹಳ್ಳವನ್ನು ನೀನೇ ನೋಡಿಕೋ ಎನ್ನುತ್ತಿದ್ದರು. ಅವನು ತಲೆ ಬಗ್ಗಿಸಿಕೊಂಡು ಹೂಂ ಎನ್ನುತ್ತಿದ್ದ. ಅವನಮ್ಮ ಮಾದಿ ಹೆತ್ತೆ, ಮಂಚದ ಮೇಲಿನ ಗಂಡನ ಕಾಲ ಬಳಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. (ಹೆತ್ತೆ ಎಂದರೆ ಅಜ್ಜಿ; ವಯಸ್ಸಾದ ಹೆಂಗಸರನ್ನೆಲ್ಲ ಅಲ್ಲಿ ಹಾಗೆ ಕರೆಯುತ್ತಾರೆ.)

ಹುಲ್ಲುಬಯಲಲ್ಲಿ ಮಂಚ. ಸುತ್ತ ಮುಂಡಾಸಿನ ಗಂಡಸರು. ಪಕ್ಕದಲ್ಲಿ ಒಂದು ಎಮ್ಮೆ ಕರು. ಸಾವಿನ ಮನೆಯಲ್ಲಿ ಕರು ಯಾಕೆ? ಕೇಳೋಣ ಎನ್ನುವಷ್ಟರಲ್ಲಿ ಹಿರಿಯರೊಬ್ಬರು ಎದ್ದು ನಿಂತು ಗಟ್ಟಿ ದನಿಯಲ್ಲಿ ಶುರು ಮಾಡಿದರು.

ಇವನು ಗಡಿಕಲ್ಲು ಸರಿಸಿದ, ಎಂದರು. ನೆರೆದವರೆಲ್ಲ ಒಟ್ಟಿಗೆ, 'ಪಾಪ' ಎಂದರು. ಕುಡಿಯುವ ನೀರು ಕಲಕಿದ. ಪಾಪ. ನೆರೆಯವರು ಕೆಂಡ ಕೇಳಿದರೆ ಒಲೆ ಆರಿದೆ ಎಂದ. ಪಾಪ.

ನಾನು ಕಣ್ಣು ಕಣ್ಣು ಬಿಟ್ಟೆ. ಯಾರ ವಿಷಯ ಇದು? ಬೆಳ್ಳ ಗೌಡರದೇ?

ಹಳ್ಳ ದಾಟುವ ಮರವನ್ನು ಕಿತ್ತ, ಎಂದರು ಹಿರಿಯರು.

ಅದೊಂದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ದಡಕ್ಕನೆ ಎದ್ದುಬಿಟ್ಟೆ. ಇದು ಅನ್ಯಾಯ, ಆ ಮರಕ್ಕಾಗಿಯೇ ಜೀವ ಬಿಟ್ಟವರಿಗೆ ಇದೇನು ಮಾತು ಎಂದು ಬಾಯಿ ತೆರೆದದ್ದೂ ಆಯಿತು. ಪಕ್ಕದಲ್ಲಿ ಕೂತಿದ್ದವನು, ನನಗೆ ಪ್ರತಿ ವರ್ಷ ಗೆಡ್ಡೆ ಹಾಕುವ ರೈತ, ಕೋಟು ಹಿಡಿದು ಎಳೆದು ಕೂರಿಸಿದ.

"ಕುಳಿ ಸಾವ್ಕಾರೆ," ಎಂದ. "ಇದ ಎಲ್ಲಾರ್ಗೂ ಹೇಳೋದೇ."

ಆಮೇಲೆ ಪಿಸುಮಾತಿನಲ್ಲಿ ತಿಳಿಸಿ ಹೇಳಿದ. ಅವರಲ್ಲಿ ಯಾರು ಸತ್ತರೂ ಹೀಗೆಯೇ. ಒಳ್ಳೆಯವನೋ ಕೆಟ್ಟವನೋ ಎಂದು ನೋಡುವುದಿಲ್ಲ. ಅವನು ಮಾಡಿದ್ದು, ಅವನ ಅಪ್ಪ, ತಾತ ಮಾಡಿದ್ದು, ತಿಳಿದೋ ತಿಳಿಯದೆಯೋ ಆದದ್ದು ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಆ ಕರುವಿನ ಮೇಲೆ ಹೊರಿಸಿ ಓಡಿಸಿಬಿಡುತ್ತಾರೆ. ಸತ್ತವನು ಹಗುರಾಗಿ ಹೋಗುತ್ತಾನೆ.

ನಾನು ಬೆಪ್ಪಾಗಿ ಕೂತೆ. ನಮ್ಮ ಪೇಟೆಯಲ್ಲಿ ಒಬ್ಬ ಸತ್ತರೆ ನಾವು ಸುಳ್ಳಿನಿಂದಲೇ ಶುರು ಮಾಡುತ್ತೇವೆ. ತೂಕದಲ್ಲಿ ಮೋಸ ಮಾಡಿದವನೂ ಹೆಣವಾದ ಕೂಡಲೇ ಧರ್ಮರಾಯ. ಈ ಜನ ಧರ್ಮರಾಯನನ್ನೇ ಮಲಗಿಸಿಕೊಂಡು ಪಾಪ ಎನ್ನುತ್ತಿದ್ದಾರೆ! ಹೇಳುವವರ ಮುಖಗಳನ್ನು ನೋಡಿದೆ. ಗಡಿಕಲ್ಲು ಸರಿಸಿದವರು ಅಲ್ಲೂ ಇದ್ದಿರಬೇಕು. 'ಪಾಪ' ಎನ್ನುವಾಗ ಒಬ್ಬಿಬ್ಬರ ಕಣ್ಣುಗಳು ನೆಲ ನೋಡುತ್ತಿದ್ದವು. ಮುಂದೆ ಹೀಗೆ ಮಾಡಬೇಡಿ ಎಂದು ಬದುಕಿರುವವರಿಗೆ ಹೇಳಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?

ಇದು ಮೊದಲನೇ ಆಘಾತ. ಇಷ್ಟಕ್ಕೇ ಮುಗಿದಿದ್ದರೆ ಈ ವಾರದ ಅಂಕಣದಲ್ಲಿ ನಾನು ಬೇರೆ ಏನಾದರೂ ಬರೆಯುತ್ತಿದ್ದೆ.

ಹಿರಿಯರು ಎಲ್ಲವನ್ನೂ ಹೇಳಿ ಮುಗಿಸಿ, ಕರುವಿನ ಮೇಲೆ ಕೈ ಇಡಲು ಬಗ್ಗಿದರು. ಆಗ ಮಂಚದ ಕಾಲ ಬಳಿಯಿಂದ ಒಂದು ದನಿ ಬಂತು. ಮಾದಿ ಹೆತ್ತೆಯದು.

"ಇನ್ನೊಂದು ಪಾಪ ಉಳಿದದೆ, ಅಣ್ಣಾ. ಅದನೂ ಹೇಳು."

ಆ ಹೊತ್ತಿನಲ್ಲಿ ಹೆಂಗಸರು ಅಳಬಹುದು, ನಡುವೆ ಬಾಯಿ ಹಾಕುವ ಪದ್ಧತಿ ಇಲ್ಲವಂತೆ. ನನ್ನ ಪಕ್ಕದವನ ಕೈ ಇನ್ನೂ ನನ್ನ ಕೋಟಿನ ಮೇಲಿತ್ತು. ಅವನು ಹಿಡಿತ ಬಿಟ್ಟು ಅವಳ ಕಡೆ ತಿರುಗಿದ. ಹಿರಿಯರು, ಏನದು, ಎಂದು ಕೇಳಿದರು.

"ಹಟ್ಟಿ ಕೆಲಸವ ಇವ ಒಬ್ಬನೇ ಮಾಡಿದ," ಎಂದಳು. ಅಳು ಇಲ್ಲ, ಕೂಗು ಇಲ್ಲ. "ಹಟ್ಟಿಯ ಕೈಯೆಲ್ಲ ಸೋಂಬೇರಿ ಮಾಡಿದ. ಅದೂ ಪಾಪವೇ. ಆ ಪಾಪವ ಎನ್ನ ಮಗನ ತಲೆಗೆ ಕಟ್ಟಬೇಡಿ."

ಇದು ಎರಡನೇ ಆಘಾತ. ನನ್ನ ಜೇಬಿನಲ್ಲಿದ್ದ ಭಾಷಣ ಅಲ್ಲೇ ಸತ್ತಿತು.

ಯೋಚನೆ ಮಾಡಿ. ಗಂಡನ ಹೆಣ ಎದುರಿಗಿದೆ. ಅವನ ಪುಣ್ಯವೆಂದು ಊರೆಲ್ಲ ಹಾಡುವುದನ್ನೇ ಹೆಂಡತಿ ಪಾಪದ ಸಾಲಿಗೆ ಸೇರಿಸಿ ಎನ್ನುತ್ತಿದ್ದಾಳೆ. ಎಂಥ ಗಟ್ಟಿಗಿತ್ತಿ! ಆದರೆ ಅವಳ ಕಣ್ಣು ಇದ್ದದ್ದು ಸತ್ತವನ ಮೇಲಲ್ಲ, ಜೋಗಿಯ ಮೇಲೆ. ನೀರಿಗೆ ಒಬ್ಬನನ್ನು ಕೊಟ್ಟಾಗಿದೆ. ಇನ್ನೊಬ್ಬನನ್ನು ಊರು ಭುಜ ತಟ್ಟಿ ತಟ್ಟಿ ಇಳಿಸುತ್ತಿದೆ. ನಾನಂತೂ ಅದಕ್ಕೆ ಶಾಲು ಬೇರೆ ತಂದಿದ್ದೆ.

ಹಿರಿಯರು ಅವಳನ್ನು ನೋಡಿದರು. ಜೋಗಿಯನ್ನು ನೋಡಿದರು. ಆಮೇಲೆ ಕರುವಿನ ಕಡೆ ತಿರುಗಿ, ಮೊದಲಿನ ಅದೇ ದನಿಯಲ್ಲಿ, ಊರ ಕೆಲಸವನ್ನು ಒಬ್ಬನೇ ಮಾಡಿದ, ಎಂದರು.

ಯಾರೂ ಉತ್ತರ ಕೊಡಲಿಲ್ಲ.

ಮತ್ತೆ ಹೇಳಿದರು. ಆಗಲೂ ಇಲ್ಲ. ಗಡಿಕಲ್ಲಿಗೆ, ನೀರಿಗೆ, ಕೆಂಡಕ್ಕೆ ಸಲೀಸಾಗಿ ಬಂದ ಮಾತು ಇದಕ್ಕೆ ಯಾರ ಗಂಟಲಿನಿಂದಲೂ ಏಳಲಿಲ್ಲ. ಏಳುವುದಾದರೂ ಹೇಗೆ? ಹಾಗೆಂದರೆ ನಾಳೆಯಿಂದ ನೀರಿಗೆ ಇಳಿಯಬೇಕಾದವರು ಯಾರು?

ಕೊನೆಗೆ 'ಪಾಪ' ಎಂದವನು ನನ್ನ ಕೋಟು ಹಿಡಿದಿದ್ದ ರೈತ. ತಲೆ ಎತ್ತದೆಯೇ ಹೇಳಿದ. ಆಮೇಲೆ ಹಿಂದಿನಿಂದ ಒಬ್ಬ. ಆಮೇಲೆ ಬಯಲಿಗೆ ಬಯಲೇ. ನನ್ನ ಬಾಯಿಂದಲೂ ಬಂತು. ಕರುವನ್ನು ಬಿಟ್ಟರು. ಅದು ಹೆದರಿ ಗುಡ್ಡದ ಕಡೆ ಓಡಿತು. ಮಾದಿ ಹೆತ್ತೆ ಆಗ ಅತ್ತಳು. ಆ ಅಳುವನ್ನು ಕೇಳಲಾಗದೆ ನಾನು ದೂರ ಹೋಗಿ ನಿಂತೆ.

ದಹನ ಮುಗಿದ ಮೇಲೆ ನಾಲ್ಕಾರು ಮಂದಿ ಹಳ್ಳದ ದಡಕ್ಕೆ ಬಂದರು. ಹಿಂದೆಯೇ ಜೋಗಿಯೂ ಅವನಮ್ಮನೂ ಬಂದರು. ಒಂದು ದಿಮ್ಮಿ ಗೌಡರು ಬಿಟ್ಟಂತೆಯೇ, ತುದಿ ನೀರಿನಲ್ಲಿ ಮುಳುಗಿ ತೊನೆಯುತ್ತಿತ್ತು. ಯಾರೋ ಅಭ್ಯಾಸಬಲದಿಂದ, ಜೋಗೀ, ನಿಮ್ಮಪ್ಪನ ಹಾರೆ ತಾ, ಎಂದ. ಹುಡುಗ ಮನೆ ಕಡೆ ತಿರುಗಿದ. ಅವನಮ್ಮ ಅವನ ರಟ್ಟೆ ಹಿಡಿದುಕೊಂಡಳು.

"ನಿಂಗ ಮನೆಲಿ ಹಾರೆ ಇಲ್ಲೆಯಾ?" ಎಂದಳು.

ಅವರು ಮುಖ ಮುಖ ನೋಡಿಕೊಂಡು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆ ಕಡೆ ಹೋದರು. ಹಾರೆ ತರಲೋ, ಬಾಗಿಲು ಹಾಕಿಕೊಳ್ಳಲೋ? ನನಗೆ ಗೊತ್ತಿಲ್ಲ. ನನಗೆ ಬಸ್ಸು ತಪ್ಪುತ್ತಿತ್ತು. (ನೆಪ ಅಂದಿರಾ? ಅನ್ನಿ.) ಬಂದ ಹಾಗೆಯೇ, ಉಳಿದಿದ್ದ ಇನ್ನೊಂದು ದಿಮ್ಮಿಯ ಮೇಲೆ, ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಬೆಗಾಲಿಕ್ಕುತ್ತ ದಾಟಿದೆ. ಕೆಳಗೆ ನೀರು ಹೇಗೆ ಮೊರೆಯುತ್ತಿತ್ತು ಎಂದರೆ, ಕಂಡ ದೇವರನ್ನೆಲ್ಲ ಕರೆದೆ. ಇದರೊಳಗೆ ಮುದುಕರೊಬ್ಬರು ಒಂಟಿಯಾಗಿ ಇಳಿದಿದ್ದರು, ನಾವೆಲ್ಲ ಅದಕ್ಕೆ ಭೇಷ್ ಎಂದಿದ್ದೆವು.

ಮೂರನೇ ಆಘಾತ ಊಟಿಯಲ್ಲಿ ಕಾದಿತ್ತು. ಹಟ್ಟಿಯಲ್ಲಿ ನಡೆದದ್ದನ್ನೆಲ್ಲ ಸಂಜೆ ಕೂಟದಲ್ಲಿ ಹೇಳಿದೆ. ಒಬ್ಬರು ಕಣ್ಣು ಒರೆಸಿಕೊಂಡರು. ಸರಿ, ನಾಟಿತು ಅಂದುಕೊಂಡೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಎಂಥ ಧೈರ್ಯದ ಹೆಂಗಸು ರೀ, ಆ ಶಾಲನ್ನು ಆಕೆಗೇ ಹೊದಿಸಿಬಿಡೋಣ, ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು!

ಭಾನುವಾರ ಅಂಗಡಿ ಮುಚ್ಚಿ ಹಳ್ಳಕ್ಕೆ ಹೋಗೋಣ, ದಿಮ್ಮಿ ಎತ್ತಲು ನಾವೂ ಕೈ ಹಚ್ಚೋಣ, ಯಾರು ಬರುತ್ತೀರಿ ಎಂದು ಕೇಳಿದೆ. ಒಬ್ಬರಿಗೆ ಮಂಡಿ ನೋವು ನೆನಪಾಯಿತು. ಇನ್ನೊಬ್ಬರಿಗೆ ಮೈಸೂರಿನಿಂದ ಬೀಗರು ಬರುವುದು ನೆನಪಾಯಿತು. ಅಧ್ಯಕ್ಷರು ಶಾಲಿನ ಜರಿಯ ಮೇಲೆ ಬೆರಳಾಡಿಸುತ್ತ, ಬಹಳ ಒಳ್ಳೆ ಮಾಲು ಎಂದರು.

ಶಾಲಿಗೆ ಒಂದು ಜೊತೆ ಹೆಗಲು ಸಾಕು. ಹಳ್ಳದ ದಿಮ್ಮಿಗೆ?