ಮಳೆ ಬಿಟ್ಟ ಮೇಲೆ ಬಂದವರು

ಕಾಕನ ಎಡಗಾಲಿನ ಹೆಬ್ಬೆರಳು ಮಿಕ್ಕ ಬೆರಳುಗಳ ಸಂಗ ಬಿಟ್ಟು ಪಕ್ಕಕ್ಕೆ ತಿರುಗಿತ್ತು. ಕಾಡಿನ ಹಾದಿಯಲ್ಲಿ ಅವರು ಮುಂದೆ, ನಾನು ಹಿಂದೆ. ಕೆಸರು ಮೆತ್ತಿದ ಆ ಬೆರಳು ಮೊದಲು ಕಲ್ಲನ್ನು ಒತ್ತಿ ನೋಡುತ್ತಿತ್ತು. ಕಲ್ಲು ಅಲುಗಾಡದಿದ್ದರೆ ಮಾತ್ರ ಪಾದ ಊರುವುದು. ಮುಂಡು ಎತ್ತಿ ಕಟ್ಟಿ, ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ ನಡೆಯುವ ಆ ಮನುಷ್ಯನನ್ನು ನೋಡಿದರೆ ಇದು ಒಮಾನಿನ ಸಲಾಲ ಎಂದು ಯಾರೂ ಹೇಳುತ್ತಿರಲಿಲ್ಲ.

ನಮ್ಮ ಫ್ಲಾಟಿನ ಕೆಳಗೆ ಅವರ ಚಹಾದ ಅಂಗಡಿ. ಕರಾವಳಿಯ ವಿಟ್ಲದ ಕಡೆಯ ಬ್ಯಾರಿ. ಇಲ್ಲಿಗೆ ಬಂದದ್ದು ನಾನು ಹುಟ್ಟುವ ಮೊದಲು. ಗಂಡನ ಕೆಲಸದ ಹಿಂದೆ ಮೈಸೂರಿನಿಂದ ಬಂದು, ಮಾತಿಗೆ ಜನವಿಲ್ಲದೆ ಒಣಗುತ್ತಿದ್ದ ನನ್ನನ್ನು ಎಬ್ಬಿಸಿದವರು ಅವರೇ. "ಮಳೆಗಾಲದಲ್ಲಿ ಒಳಗೆ ಕೂತ್ಕೊಳ್ಳುವುದಾ ಅಕ್ಕ? ಶುಕ್ರವಾರ ಸಾರನ್ನೂ ಕರ್ಕೊಂಡು ಬನ್ನಿ. ಕಾಡು ತೋರಿಸ್ತೇನೆ." ಮಿಕ್ಕ ಒಮಾನ್ ಕಾದ ಕಾವಲಿಯಾಗಿರುವಾಗ ಇಲ್ಲಿ ಮಾತ್ರ ಸಮುದ್ರದ ಮಂಜು ಗುಡ್ಡಕ್ಕೆ ಬಂದು ಒರಗುತ್ತದೆ. ಜಿಟಿಜಿಟಿ ಹನಿ, ಎಲ್ಲೆಲ್ಲೂ ಹಸಿರು. ಇಲ್ಲಿನವರು ಅದನ್ನು ಖರೀಫ್ ಅನ್ನುತ್ತಾರೆ, ಕಾಕ ಮಳೆಗಾಲ ಅನ್ನುತ್ತಿದ್ದರು.

ಗಿಡಗಳ ಹೆಸರು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಹುಣಸೆ, ಅತ್ತಿ ಸರಿ. ಅದರಾಚೆ ಕಂಡದ್ದೆಲ್ಲ ವಿಟ್ಲದ್ದು. ಸಣ್ಣ ಎಲೆಯ ಪೊದೆಯೆಲ್ಲ ನೆಲ್ಲಿ. "ಕಾಕಾ, ಇದು ನೆಲ್ಲಿ ಅಲ್ಲವೇ ಅಲ್ಲ" ಎಂದು ನಾನು ಮೊಬೈಲ್ ಹಿಡಿದು ವಾದಕ್ಕೆ ನಿಂತರೆ, "ಆಯ್ತು ಮಾರಾಯ್ರೆ, ನೆಲ್ಲಿಯ ಭಾವ ಅಂತ ಇಟ್ಕೊಳ್ಳಿ" ಅನ್ನುತ್ತಿದ್ದರು. ಕೊಂಬೆಯಲ್ಲಿ ಗೋಸುಂಬೆ ಕಂಡರೆ ಉಸಿರು ಬಿಗಿಹಿಡಿದು, ಅದು ಎರಡು ಹೆಜ್ಜೆ ಇಡುವ ತನಕ ನಮ್ಮನ್ನೂ ನಿಲ್ಲಿಸುತ್ತಿದ್ದರು. ನನ್ನ ಗಂಡ ಗಡಿಯಾರ ನೋಡಿದರೂ ಕೇರ್ ಇಲ್ಲ.

ಒಂದು ಸಲ ಬಂಡೆಯ ಸಂದಿನಿಂದ ಬಳ್ಳಿಯೊಂದು ಹೊರಗೆ ಬಾಗಿತ್ತು. ತುದಿ ಕೆಂಪು, ಬುಡ ಹಳದಿ, ಎಸಳೆಲ್ಲ ಮೇಲಕ್ಕೆ ಸುರುಳಿ. "ಅಕ್ಕಾ, ನಿಮ್ಮ ಗೌರಿ ಹೂ!" ಎಂದು ಕೂಗಿದರು. ಅಪರೂಪಕ್ಕೆ ಅವರು ಹೇಳಿದ್ದು ಸರಿಯಿತ್ತು. ಹಬ್ಬದ ವಾರವೇ ಅದು. ನಾನು ಅಲ್ಲೇ ಅತ್ತುಬಿಟ್ಟೆ. ಕೀಳಲು ಕೈ ಚಾಚಿದಾಗ ಮಾತ್ರ ತಡೆದರು. "ಬೇಡ. ಅದನ್ನು ಅವಳಿಗೆ ತೋರಿಸ್ಲಿಕ್ಕುಂಟು."

ಅವಳು ಎಂದರೆ ವಿಟ್ಲದಲ್ಲಿದ್ದ ಹೆಂಡತಿ. ಇಡೀ ಸಂಸಾರವನ್ನು ರಜೆಗಳಲ್ಲೇ ಮಾಡಿದವರು ಕಾಕ. ಆಕೆ ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ. ಆಕೆಗೆ ಮಂಡಿನೋವು, ಅದಕ್ಕೇ ಈ ಹಾದಿಯಲ್ಲಿ ಕೂರಲು ಒಂದು ಚಪ್ಪಟೆ ಕಲ್ಲನ್ನೂ ಗೊತ್ತುಮಾಡಿಟ್ಟಿದ್ದರು. ಕಂಡದ್ದರ ಫೋಟೊ ಎಲ್ಲ ಅಲ್ಲಿಗೇ ಹೋಗುತ್ತಿತ್ತು. "ಒಂದು ಸಲ ಅವಳು ನೋಡ್ಬೇಕು ಅಕ್ಕ. ನಾನು ಇಷ್ಟು ವರ್ಷ ಎಲ್ಲಿದ್ದೆ ಅಂತ ಗೊತ್ತಾಗ್ಬೇಕು. ಮತ್ತೆ ಎಂತದೂ ಬೇಡ ನನಗೆ."

ಕೊನೆಗೊಂದು ಖರೀಫಿನಲ್ಲಿ ವೀಸಾ ಆಯಿತು. ಆಕೆ ಫೋನಿನಲ್ಲಿ, "ಮಳೆ ಬಿಡ್ಲಿ, ಮತ್ತೆ ಬರ್ತೇನೆ" ಅಂದರಂತೆ. ಕರಾವಳಿಯ ಯಾವ ಹೆಂಗಸಾದರೂ ಅನ್ನುವ ಮಾತೇ. ಊರಲ್ಲಿ ಸುರಿಯುವ ಮಳೆಯಲ್ಲಿ ಯಾರು ಹೊರಡುತ್ತಾರೆ? ಮಳೆ ಬಿಟ್ಟ ಮೇಲಲ್ಲವೇ ಅಲ್ಲಿ ಗುಡ್ಡ ಚೆಂದ?

"ಕಾಕಾ, ಇಲ್ಲಿ ಮಳೆ ಬಿಟ್ಟರೆ ಖಲಾಸ್. ಈಗಲೇ ಬರಲಿ ಅನ್ನಿ" ಎಂದೆ.

"ಹೇಳಿದೆ. ಕೊಡೆ ಹಿಡ್ಕೊಂಡು ವಿಮಾನ ಹತ್ತುವುದಾ ಕೇಳ್ತಾಳೆ!" ಎಂದು ನಕ್ಕರು. "ಸ್ವಲ್ಪ ಹಸಿರು ಉಳೀತದೆ ಬಿಡಿ."

ಮಳೆ ಬಿಟ್ಟಿತು. ಅಷ್ಟರಲ್ಲಿ ಮಗಳ ಬಾಣಂತನ ಬಂತು. ಆಕೆ ಬಂದು ಇಳಿದದ್ದು ನಡುಚಳಿಗಾಲದಲ್ಲಿ.

ಕಾಡಿಗೆ ನಾನೂ ಹೋದೆ. ಒಂದು ಮರದಲ್ಲೂ ಎಲೆಯಿಲ್ಲ. ಉಳಿದ ಹುಲ್ಲನ್ನು ಒಂಟೆಗಳು ನೆಕ್ಕಿ ತೆಗೆದಿದ್ದವು, ಬಂಡೆಯ ಸಂದಿನಲ್ಲಿ ಧೂಳು. ಆಕೆಯನ್ನು ಕೈಹಿಡಿದು ಕರೆತಂದು ಆ ಕಲ್ಲಿನ ಮೇಲೆ ಕೂರಿಸಿ ಕಾಕ ಒಂದೊಂದೇ ಕಡೆ ಕೈ ತೋರಿಸತೊಡಗಿದರು. ಇಲ್ಲಿ ಹೂ, ಅಲ್ಲಿ ನೀರು, ಆ ಕೊಂಬೆಯಲ್ಲಿ ಗೋಸುಂಬೆ. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ಆಕೆ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು, ಕಾಕ ಮತ್ತೆ ಆ ಕೊಂಬೆಯತ್ತಲೇ ಕೈ ತೋರಿಸಿದರು. ಆಮೇಲೆ ಆಕೆ ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದರು: "ಅಕ್ಕ, ನೀವಾದ್ರೂ ನಿಜ ಹೇಳಿ. ಆ ಫೋಟೊ ಎಲ್ಲ ಯಾವ ಊರಿನದ್ದು?"

"ದೇವರಾಣೆ ಇಲ್ಲಿಯದ್ದೇ" ಎಂದೆ. ಆಕೆ ತಲೆಯಾಡಿಸಿದರು, ಮಕ್ಕಳ ಮಾತಿಗೆ ಆಡಿಸುವ ಹಾಗೆ. ಎದ್ದು ಗಂಡನ ಬೆನ್ನಿನ ಧೂಳು ಕೊಡವಿದರು. ಮತ್ತೊಂದು ಖರೀಫಿಗೆ ಕಾಯಲು ಆಕೆಯಿಂದಾಗಲಿಲ್ಲ, ಊರಲ್ಲಿ ಮೊಮ್ಮಗು.

ಮುಂದಿನ ವರ್ಷ ಮಂಜು ಇಳಿಯಿತು, ಗುಡ್ಡ ಹಸಿರಾಯಿತು. "ಶುಕ್ರವಾರ ಹೋಗೋಣವಾ ಕಾಕಾ?" ಎಂದು ಕೇಳಿದೆ. "ಯಾರಿಗೆ ತೋರಿಸ್ಲಿಕ್ಕೆ?" ಅಂದರು. ಗ್ಲಾಸು ತೊಳೆದಿಡುತ್ತಾ, "ಅವಳು ಬಯ್ದಿದ್ರೂ ಆಗ್ತಿತ್ತು. ಪಾಪ ಅಂತ ಬೆನ್ನು ತಡವಿ ಹೋದ್ಳಲ್ಲ ಅಕ್ಕ" ಎಂದರು. ಆ ಹಸಿರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಪುರುಷಾರ್ಥಕ್ಕೆ ಬಂತು ಅದು?

ಆ ಖರೀಫ್ ಮುಗಿಯುವ ಮೊದಲೇ, ಅಂಗಡಿಯಲ್ಲಿ ಕೂತಲ್ಲೇ ಕಾಕನ ಎದೆಬಡಿತ ನಿಂತಿತು. ಮನೆಯವರ ಒಪ್ಪಿಗೆ ಪಡೆದು ಇಲ್ಲೇ ಗುಡ್ಡದ ಬುಡದಲ್ಲಿ ದಫನ ಮಾಡಿದರು. ನನ್ನ ಗಂಡ ಹೋಗಿ ಫೋಟೊ ತೆಗೆದು ತಂದ. ನಾನು ಅದನ್ನು ವಿಟ್ಲಕ್ಕೆ ಕಳಿಸಿ, ಆಕೆಗೆ ಫೋನ್ ಮಾಡಿದೆ.

"ಜಾಗ ಹೇಗುಂಟು?" ಎಂದು ಕೇಳಿದರು.

"ಚೆನ್ನಾಗಿದೆ. ಮಂಜು ಬಿದ್ದಿದೆ, ಸುತ್ತಲೂ ಹುಲ್ಲು, ಎದುರಿಗೆ ಹುಣಸೆ ಮರ. ಫೋಟೊ ನೋಡಿ, ಎಷ್ಟು ಹಸಿರಿದೆ."

ಮಗಳನ್ನು ಕರೆದು ಫೋಟೊ ತೆರೆಸಿಕೊಂಡದ್ದು ನನಗೆ ಕೇಳಿಸಿತು.

"ನಮ್ಮ ಗುಡ್ಡದ ಹಾಗೇ ಉಂಟು" ಎಂದರು ಆಮೇಲೆ, ಮೆಲ್ಲಗೆ. "ನನಗೆ ಬೇಜಾರಾಗ್ಬಾರ್ದು ಅಂತ ನೀವೂ ಸುಳ್ಳು ಹೇಳ್ತೀರಲ್ಲ ಅಕ್ಕ."