ಬೂದಿ ಹಚ್ಚಿದ ಬೀಜ

ಬುಟ್ಟಿಯಲ್ಲಿದ್ದದ್ದು ಬಿತ್ತನೆ ಬೀಜವೆಂದು ತಿಳಿದಿರಲಿಲ್ಲ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಪೂರ್ತಿ ನಿಜವಿರಲಾರದು. ಕಾಫಿ ತೋಟದಲ್ಲೇ ಬೆಳೆದವನಿಗೆ ತಿಳಿಯದೆ ಇರುತ್ತದೆಯೇ? ಆ ಬೆಳಿಗ್ಗೆ ನನಗೆ ಬೇಕಿದ್ದದ್ದು ಒಂದು ಒರಟು ಬೂದುಬಣ್ಣ. ಕಂಡದ್ದೂ ಅಷ್ಟೇ.

ಜಗಲಿಯಲ್ಲಿ ಹಲಗೆ ಮಲಗಿಸಿ ಚಿತ್ರ ಬರೆಯುತ್ತಿದ್ದೆ: ನೆಗ್ಗಿದ ಕೆಟಲ್, ಒಂದು ಚಕ್ಕೋತ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನಿಂದಾಗದು. ಮೈದಾ ಅಂಟಿಗೆ ಕೆಮ್ಮಣ್ಣು ಕಲಸಿ ಬಳಿದೆ, ಬಾಚಣಿಗೆಯಿಂದ ಗೀರಿದೆ, ನೀಲಿ ಎಳೆದೆ, ಮತ್ತೆ ಅಂಟು ಮೆತ್ತಿದೆ. ಕೆಟಲ್ ಕರಗಿ ಅದರ ಭಾರವಷ್ಟೇ ಉಳಿಯಿತು. ಆ ಭಾರ ಕೂರಲು ನೆಲ ಬೇಕಿತ್ತು. ಮೂಲೆಯ ಬುಟ್ಟಿಯಿಂದ ಹಿಡಿಹಿಡಿಯಾಗಿ ತೆಗೆದು ಹಸಿ ಅಂಟಿಗೆ ಒತ್ತಿದೆ. ಬುಟ್ಟಿ ಬರಿದಾಯಿತು.

ಮಧ್ಯಾಹ್ನ ಅತ್ತಿಗೆ ಕೊಟ್ಟಿಗೆಹಾರದಿಂದ ಬಂದರು.

"ಬುಟ್ಟೀಲಿದ್ದ ಬೀಜ ಎಂಥ ಮಾಡಿದೆ ಮಾರಾಯ?"

ಹಲಗೆ ತೋರಿಸಿದೆ.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಾಂಡಕೊರಕ ಹುಳ ಇಡೀ ಇಳಿಜಾರಿನ ಅರೇಬಿಕಾ ಕಾಫಿ ತಿಂದು ಮುಗಿಸಿದಾಗ ಒಂದೇ ಗಿಡ ಉಳಿದಿತ್ತು. ಅದರ ಹಣ್ಣನ್ನು ಅವರೇ ಆರಿಸಿ, ಕೈಯಲ್ಲೇ ಸುಲಿದು, ಬೂದಿ ಹಚ್ಚಿ ಬಿತ್ತನೆಗೆಂದು ನೆರಳಲ್ಲಿ ಒಣಗಿಸಿದ್ದರು. ಆಮೇಲೆ ಒಣಮರವೊಂದು ಮುರಿದುಬಿದ್ದು ಆ ಗಿಡವೂ ಹೋಗಿತ್ತು. ಉಳಿದದ್ದು ನನ್ನ ಚಿತ್ರದಲ್ಲಿತ್ತು.

"ಕಸ ಅಂದ್ಕೊಂಡೆ ಅತ್ತಿಗೆ."

"ಕಸ ನಿನ್ ತಲೇಲಿದೆ. ನೀರು ತಾ."

ಒದ್ದೆ ಬಟ್ಟೆ ಹಾಸಿ ಅಂಟು ಮೆತ್ತಗಾಗಿಸಿ, ಅವರು ಹೇರ್‌ಪಿನ್ನಿನಿಂದ, ನಾನು ಉಗುರಿನಿಂದ ಒಂದೊಂದೇ ಬೀಜ ಎಬ್ಬಿಸಿದೆವು. ಎಬ್ಬಿಸಿದಲ್ಲೆಲ್ಲ ಕುಳಿ ಬಿತ್ತು. ಕುಳಿಗಳಲ್ಲಿ ಕೆಳಗಿನ ನೀಲಿ ಕಾಣುತ್ತಿತ್ತು. ಚೆನ್ನಾಗಿದೆ ಎನ್ನಿಸಿತು, ಹೇಳುವ ಧೈರ್ಯ ಬರಲಿಲ್ಲ.

"ಇದು ಕೆಟ್ಲೋ ಹಂದಿಯೋ?" ಅಂದರು ಅತ್ತಿಗೆ, ತಲೆ ಎತ್ತದೆ.

ಬೀಜವನ್ನು ಸಸಿಮಡಿಯಲ್ಲಿ ಚಪ್ಪಟೆ ಮೈ ಕೆಳಗಾಗಿ ಊರಿ ಹುಲ್ಲು ಮುಚ್ಚಿದರು. ಅಂಟಿಗೆ ಕೊಳೆಯುತ್ತವೆಯೋ ಎಂದು ನಾನು ದಿನಾ ಹುಲ್ಲೆತ್ತಿ ನೋಡುತ್ತಿದ್ದೆ, ದಿನಾ ಬೈಸಿಕೊಳ್ಳುತ್ತಿದ್ದೆ. ಒಂದೂವರೆ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಹುಲ್ಲಿನ ಸಂದಿಯಲ್ಲಿ ಬಾಗಿದ ಕತ್ತಿನ ಮೊಳಕೆಗಳು, ಪ್ರತಿಯೊಂದರ ತಲೆಯ ಮೇಲೂ ಒಂದು ಬೀಜ. ಎಲ್ಲವೂ ಎದ್ದಿದ್ದವು ಎಂದು ನನ್ನ ನೆನಪು. ಅರ್ಧ ಅಂತ ಅತ್ತಿಗೆ. ಅವರೇ ಸರಿಯಿರಬೇಕು.

ಮಡಿಯ ಪಕ್ಕದಲ್ಲೇ ಕೂತು ನಕ್ಕೆ.

"ನಕ್ಕಿದ್ದು ಸಾಕು," ಅಂದರು ಅತ್ತಿಗೆ. ಅವರ ಮುಖದಲ್ಲೂ ನಗೆಯಿತ್ತು. "ಏಳು, ನೀರು ಹಾಕು."